ಮರ ಕಡಿಯುವಷ್ಟು ಹೊತ್ತು

ಮೊನ್ನೆ ಬೆಳಿಗ್ಗೆ ನಮ್ಮ ಫ್ಲ್ಯಾಟಿನ ಕೆಳಗೆ ರಸ್ತೆಗೆ ವಾಲಿಕೊಂಡಿದ್ದ ಮಾವಿನ ಮರವನ್ನು ತೆಗೆಯಲು ಜನ ಬಂದಿದ್ದರು. ಯಂತ್ರದ ಸದ್ದಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೊಚ್ಚಿಯ ಪಕ್ಕದ ಈ ತ್ರಿಪ್ಪುಣಿತ್ತುರಕ್ಕೆ ಮೆಟ್ರೋ ಬಂದ ಮೇಲೆ ಸದ್ದಿಲ್ಲದ ದಿನವೇ ಇಲ್ಲ. ಒಂದಲ್ಲ ಒಂದು ಕಡೆ ಏನನ್ನಾದರೂ ಕೊರೆಯುತ್ತಲೋ ಒಡೆಯುತ್ತಲೋ ಇರುತ್ತಾರೆ. ಆದರೆ ಕಾಫಿ ಸೋಸುತ್ತಿದ್ದಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆ, ಅದರ ಜೊತೆಗೇ ಹಸಿ ಮಾವಿನ ಮರದ ಪುಡಿಯ ಒಗರು. ಇವೆರಡೂ ಒಟ್ಟಿಗೆ ನನ್ನ ಮೂಗಿಗೆ ಬಿದ್ದು ಐವತ್ತು ವರ್ಷವಾದರೂ ಆಗಿರಬೇಕು. ಸೋಸುವುದನ್ನು ಅಲ್ಲಿಗೇ ಬಿಟ್ಟು ಬಾಲ್ಕನಿಗೆ ಹೋದೆ. ಕೆಳಗೆ ಹಳದಿ ಹೆಲ್ಮೆಟ್ಟಿನವನೊಬ್ಬ ಗರಗಸ ಹಿಡಿದು ಬಗ್ಗಿದ್ದ. ಒಂದು ಕ್ಷಣ ಅವನ ಬೆನ್ನು ನನಗೆ ಭಾವನ ಬೆನ್ನಿನ ಹಾಗೇ ಕಂಡಿತು...

ಭಾವ ಎಂದರೆ ಅಕ್ಕನ ಗಂಡ. ಆ ಅಕ್ಕನೂ ನನ್ನ ಒಡಹುಟ್ಟಿದವಳಲ್ಲ. ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ತಿರುವನಂತಪುರಕ್ಕೆ ಬಂದಾಗ ನನಗೆ ಬರುತ್ತಿದ್ದ ಮಲಯಾಳ ಒಂದೇ ಮಾತು: 'ವೇಂಡ', ಬೇಡ. ಅದೊಂದನ್ನೇ ಹಿಡಿದು ತರಕಾರಿಯವಳಿಂದ ಹಿಡಿದು ನೆಂಟರಿಷ್ಟರವರೆಗೆ ಎಲ್ಲರನ್ನೂ ನಿಭಾಯಿಸುತ್ತಿದ್ದೆ. ನಮ್ಮವರು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಉಳ್ಳೂರಿನಲ್ಲಿ ಬಾಡಿಗೆ ಮನೆ. ಒಂದೇ ಕಾಂಪೌಂಡಿನಲ್ಲಿ ಮುಂದುಗಡೆ ಒಡತಿಯ ಹಳೆಯ ಮನೆ, ಹಿಂದೆ ಬಾಡಿಗೆಯ ಎರಡು ಪುಟ್ಟ ಮನೆಗಳು. ಒಂದರಲ್ಲಿ ನಾವು. ಇನ್ನೊಂದರಲ್ಲಿ ಕಾಸರಗೋಡಿನ ಕಡೆಯ ಗಂಡ ಹೆಂಡತಿ. ಗಂಡನೂ ಅದೇ ಸಂಸ್ಥೆಯವರು, ಅಲ್ಲಿನ ವರ್ಕ್‌ಶಾಪಿನ ಇಂಜಿನಿಯರು. ಬಂದ ದಿನವೇ ಆ ಹೆಂಗಸು ಬೇಲಿಯಾಚೆಯಿಂದ "ಕನ್ನಡವಾ? ದೇವರು ದೊಡ್ಡವನು ಮಾರಾಯ್ತಿ!" ಎಂದು ಕೂಗಿ ಒಂದು ಪಾತ್ರೆ ಸಾರು ದಾಟಿಸಿದಳು. ಆಗಿನಿಂದ ಅವಳು ಅಕ್ಕ, ಅವರು ಭಾವ. ಮನೆಯ ಒಡತಿ ಮುದುಕಿಯನ್ನು ಎಲ್ಲರೂ ಅಮ್ಮೂಮ್ಮ ಎನ್ನುತ್ತಿದ್ದರು, ಅಂದರೆ ಅಜ್ಜಿ. ನಾವೂ ಹಾಗೇ ಕರೆದೆವು.

ಭಾವನಿಗೆ ಕೆಲಸ ಉಳಿಯಬಾರದು. ತಟ್ಟೆಯಲ್ಲಿ ಅನ್ನ ಉಳಿದರೂ ಸಹಿಸಿಯಾರು, ಕೆಲಸ ಉಳಿದರೆ ಅವರಿಗೆ ತುರಿಕೆ ಶುರು. ನಲ್ಲಿ ತೊಟ್ಟಿಕ್ಕಿದರೆ ಸ್ನಾನಕ್ಕೆ ಹೊರಟವರು ಟವೆಲಿನಲ್ಲೇ ನಿಂತು ವಾಷರು ಬದಲಿಸುವವರು. ನಮ್ಮವರದು ತದ್ವಿರುದ್ಧ. ಗೋಡೆಗೊಂದು ಮೊಳೆ ಹೊಡೆಯಬೇಕೆಂದರೂ ಅದರ ಮೇಲೆ ಒಂದು ಉಪನ್ಯಾಸ ಆಗಬೇಕು. ಹಾಗಾಗಿ ನಮ್ಮ ಮನೆಯ ಮೊಳೆಗಳನ್ನೆಲ್ಲ ಹೊಡೆದವರು ಭಾವನೇ. "ಆಗುವ ಕೆಲಸ ಆಗಿಬಿಡ್ಬೇಕು ತಂಗಿ, ಎಂತಕ್ಕೆ ಕಾಯೂದು?" ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟೋ ಸಲ ನಮ್ಮವರಿಗೆ ಚುಚ್ಚಲು ಬಳಸಿಕೊಂಡಿದ್ದೇನೆ.

ಅವರಿಗೆ ಬಾರದ ಕೆಲಸ ಒಂದೇ, ಕೊಡಲಿ ಬೀಸುವುದು. ಒಮ್ಮೆ ಕಟ್ಟಿಗೆ ಒಡೆಯಲು ಹೋಗಿ ಪಾದಕ್ಕೆ ಹೊಡೆದುಕೊಂಡಿದ್ದರು. ಹೆಬ್ಬೆರಳಿನ ಪಕ್ಕದಲ್ಲಿ ಆ ಗಾಯದ ಗುರುತು ಕಾಣುತ್ತಿತ್ತು. ಆ ಕಾಲಕ್ಕೆ ಎಲ್ಲರ ಮನೆಯಲ್ಲೂ ಸೌದೆ ಒಲೆ. ಡಿಪೋದಿಂದ ಗಾಡಿಯಲ್ಲಿ ಬರುತ್ತಿದ್ದದ್ದು ಹಾಲು ಬತ್ತಿದ ಮುದಿ ರಬ್ಬರ್ ಮರದ ತುಂಡುಗಳು, ಒಂದೊಂದೂ ಆಳುದ್ದ. ಕಡಿದು ಕೊಡುವವನು ತನಗೆ ಮನಸ್ಸಾದಾಗ ಬರುತ್ತಿದ್ದ. ಮಳೆಗಾಲದಲ್ಲಿ ಅವನಿಗೆ ಮನಸ್ಸೇ ಆಗುತ್ತಿರಲಿಲ್ಲ. ಅಕ್ಕನಿಗೆ ಹೊಗೆ ಆಗುತ್ತಿರಲಿಲ್ಲ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದು ಬೇಲಿ ಹಿಡಿದು ಕೆಮ್ಮುತ್ತಿದ್ದಳು. ಭಾವ ಅದನ್ನು ನೋಡುತ್ತಾ ನಿಂತುಬಿಡುತ್ತಿದ್ದರು. ಮಾಡಲಾಗದ ಕೆಲಸವೊಂದು ಮನೆಯೊಳಗೇ ಉಳಿದುಬಿಟ್ಟಿತ್ತಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಅವರನ್ನು ತರಬೇತಿಗೆಂದು ಯುರೋಪಿಗೆ ಕಳಿಸಿದರು. ಆಗ ಹಾಗೆ ಹೋದವರು ಬರುವಾಗ ಟೇಪ್ ರೆಕಾರ್ಡರ್ ತರುತ್ತಿದ್ದರು, ಕ್ಯಾಮೆರಾ ತರುತ್ತಿದ್ದರು, ಹೆಂಡತಿಗೆ ಸೆಂಟು ತರುತ್ತಿದ್ದರು. ಭಾವ ತಂದದ್ದು ಚೈನ್‌ಸಾ, ಪೆಟ್ರೋಲಿನಲ್ಲಿ ಓಡುವ ಸರಪಳಿ ಗರಗಸ. ಕಳಚಿ, ಉಣ್ಣೆಯ ಕೋಟಿನಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿಟ್ಟು ತಂದಿದ್ದರು. ಮುಂಬಯಿಯ ಕಸ್ಟಮ್ಸಿನವರು ಇದೇನೆಂದು ಕೇಳಿದಾಗ "ಹೆಂಡತಿಗೆ" ಎಂದರಂತೆ. ಅವರು ನಕ್ಕು ಬಿಟ್ಟುಬಿಟ್ಟರಂತೆ. ಅಕ್ಕ ಮಾತ್ರ ನಗಲಿಲ್ಲ. ಜಗಲಿಯಲ್ಲಿ ಬಿಡಿಭಾಗಗಳನ್ನು ಹರಡಿಕೊಂಡು ಕೂತಿದ್ದ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊರವರ ಗಂಡಂದಿರು ಸೆಂಟು ತರ್ತಾರೆ. ನನಗೆ ಬಂದದ್ದು ಮರ ಕೊಯ್ಯುವ ಮೆಷಿನ್. ನಾಳೆ ಇದನ್ನೇ ಮುಡಿದುಕೊಂಡು ದೇವಸ್ಥಾನಕ್ಕೆ ಹೋಗ್ತೇನೆ!"

ಅದನ್ನು ಆರಿಸಿದ ಕತೆಯನ್ನು ಭಾವ ಎಷ್ಟು ಸಲ ಹೇಳಿದ್ದರೆಂದರೆ ನನಗೆ ಈಗಲೂ ಬಾಯಿಪಾಠ. ಅಲ್ಲಿ ಅವರು ಉಳಿದುಕೊಂಡಿದ್ದ ಹಳ್ಳಿಯಲ್ಲಿ ಚಳಿಗಾಲದ ಸೌದೆಗಾಗಿ ಮನೆಮನೆಗೂ ಇಂಥದ್ದೊಂದು ಇರುತ್ತಿತ್ತಂತೆ. ಅಂಗಡಿಗೆ ಹೋದಾಗ ಗೋಡೆಯಲ್ಲಿ ತೂಗುಹಾಕಿದ್ದ ಅತಿ ಉದ್ದದ ಅಲಗಿನ ಮೇಲೆ ಇವರ ಕಣ್ಣು. ಅಂಗಡಿಯ ಮುದುಕ ಕೇಳಿದನಂತೆ: ನೀನು ಕಡಿಯುವ ಸೌದೆ ಎಷ್ಟು ದಪ್ಪ? ದಣಿದ ಮೇಲೂ ನಿನ್ನ ಕೈ ಎಷ್ಟು ಭಾರ ಎತ್ತುತ್ತದೆ? ಹಲ್ಲು ಮೊಂಡಾದರೆ ಅರ ಹಿಡಿದು ಹರಿತ ಮಾಡುವವರು ಯಾರು? ಉದ್ದದ ಅಲಗು ಬರಿಯ ಜಂಬ. ಸೌದೆಗೆ ಮೊಳದುದ್ದ ಸಾಕು, ಅದರ ಎರಡರಷ್ಟು ದಪ್ಪದ ಮರವನ್ನೂ ಎರಡು ಬದಿಯಿಂದ ಕೊಯ್ದರಾಯಿತು ಎಂದನಂತೆ. ಭಾವ ನಡುವಿನ ಅಳತೆಯದನ್ನು ಆರಿಸಿ, ಅದಕ್ಕೆ ಎರಡು ಹೆಚ್ಚಿನ ಸರಪಳಿ, ಒಂದು ಕಟ್ಟು ದುಂಡನೆಯ ಅರಗಳನ್ನೂ ತಂದಿದ್ದರು. "ಮೆಷಿನ್ ಯಾರು ಬೇಕಾದ್ರೂ ತರ್ತಾರೆ. ಅರ ತರುವವ ಬುದ್ಧಿವಂತ" ಎಂದು ತಮಗೆ ತಾವೇ ಶಭಾಷ್ ಹೇಳಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ಸೌದೆ ಕೊಯ್ಯುವ ಕಾರ್ಯಕ್ರಮ. ಚಪ್ಪಲಿ ಹಾಕಿದವರನ್ನು ಹತ್ತಿರ ಬಿಡುತ್ತಿರಲಿಲ್ಲ. ತಾವು ವರ್ಕ್‌ಶಾಪಿನ ಬೂಟು, ಕನ್ನಡಕ, ತೊಗಲಿನ ಕೈಗವುಸು ತೊಟ್ಟು ಮದುಮಗನ ಹಾಗೆ ಬರುತ್ತಿದ್ದರು. ನಾನು ಬೇಲಿಯೀಚೆ ನಿಂತ ಏಕೈಕ ವಿದ್ಯಾರ್ಥಿನಿ. ಮೊದಲು ನೆಲದ ಮೇಲಿಟ್ಟು ಹಿಡಿಯೊಳಗೆ ಬೂಟು ತೂರಿಸಿ ಒತ್ತಿಹಿಡಿಯಬೇಕು. ನಿಲ್ಲಿಸುವ ಗುಂಡಿಯನ್ನು ಮೇಲಕ್ಕೆ ತಳ್ಳಿರಬೇಕು, ಇಲ್ಲದಿದ್ದರೆ ಹಗ್ಗವನ್ನು ಸಂಜೆಯವರೆಗೆ ಎಳೆದರೂ ಅದು ಕೆಮ್ಮುವುದಿಲ್ಲ. ಅಲಗಿನ ಮೂತಿಯನ್ನು ಮರಕ್ಕೆ ತಾಗಿಸಬಾರದು, ತಾಗಿಸಿದರೆ ಹಿಂದಕ್ಕೆ ಒದೆಯುತ್ತದೆ. ತುಂಡಿನ ಎರಡೂ ತುದಿಗೆ ಆಸರೆ ಇದ್ದರೆ ಮೇಲಿಂದ ಸ್ವಲ್ಪ ಕೊಯ್ದು ಆಮೇಲೆ ಕೆಳಗಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಮರ ಅಲಗನ್ನು ಕಚ್ಚಿ ಹಿಡಿಯುತ್ತದೆ. ಸರಪಳಿ ಮಣ್ಣಿಗೆ ತಾಗಿದರೆ ಕತೆ ಮುಗಿಯಿತು. "ನೋಡಿ ತಂಗಿ, ಹೊರಗೆ ಬರೂದು ಅವಲಕ್ಕಿ ಹಾಗೆ ಉಂಟಾ, ಹಲ್ಲು ಹರಿತ ಉಂಟು ಅಂತ. ಹಿಟ್ಟಿನ ಹಾಗೆ ಬಂತಾ, ಅರ ಹಿಡೀಬೇಕು ಅಂತ." ಅಕ್ಕ ಒಳಗಿನಿಂದ "ಅವಲಕ್ಕಿ ಆದ್ರೆ ಒಗ್ಗರಣೆಗೆ ಕೊಡಿ" ಎಂದು ಕೂಗುತ್ತಿದ್ದಳು. ಆದರೆ ಒಲೆಯ ಅಳತೆಗೆ ಸರಿಯಾಗಿ ಒಪ್ಪವಾಗಿ ಕೊಯ್ದ, ಮಳೆಗೆ ಮೊದಲೇ ಒಣಗಿಸಿ ಒಟ್ಟಿದ ಆ ಸೌದೆ ಉರಿಯತೊಡಗಿದ ಮೇಲೆ ಅವಳ ಕೆಮ್ಮು ನಿಜವಾಗಿಯೂ ಕಡಿಮೆಯಾಯಿತು. ಸೆಂಟಿನ ಮಾತನ್ನೂ ಅವಳು ಬಿಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಆ ಊರಿನಲ್ಲಿ ಹಿಂದೂಗಳ ಮನೆಯಲ್ಲಿ ಯಾರಾದರೂ ಹೋದರೆ ಹಿತ್ತಿಲಿನ ತೆಂಕಣ ಮೂಲೆಯಲ್ಲೇ ಸುಡುತ್ತಿದ್ದರು. ಅದಕ್ಕೆ ಹಿತ್ತಿಲಿನದ್ದೇ ಮಾವಿನ ಮರ. ಉಸಿರು ಹೋದ ಮೇಲೆ ಮರಕ್ಕೆ ಕೊಡಲಿ ಹಾಕುತ್ತಾರೆ. ಕಾಸರಗೋಡಿನ ಕಡೆಗೂ ಈ ಪದ್ಧತಿ ಉಂಟೆಂದು ಅಕ್ಕ ಹೇಳಿದ್ದಳು. ನಾನು ಮೈಸೂರಿನವಳು, ನನಗೆ ಹೊಸತು. ಅಮ್ಮೂಮ್ಮನೂ ಮನೆಯ ಪಕ್ಕದ ಒಂದು ಮಾವನ್ನು ತೋರಿಸಿ, ಮದುವೆಗೆ ತೆಗೆದಿಟ್ಟ ಸೀರೆಯನ್ನು ತೋರಿಸುವಷ್ಟು ಸಲೀಸಾಗಿ "ಇದು ನನ್ನದು" ಎಂದಾಗ ನನಗೆ ಮೈ ಜುಮ್ಮೆಂದಿತ್ತು.

ಒಂದು ಕರ್ಕಾಟಕದಲ್ಲಿ, ಅಂದರೆ ನಮ್ಮ ಆಷಾಢದ ಜಡಿಮಳೆಯಲ್ಲಿ, ಎರಡು ಮನೆ ಆಚೆಗಿನ ಯಜಮಾನರು ತೀರಿಕೊಂಡರು. ಮರ ಕಡಿಯುವವರು ಸಿಗಲಿಲ್ಲ. ಆ ಮನೆಯ ಹುಡುಗರು ಛತ್ರಿ ಹಿಡಿದು ಬಂದು ಭಾವನ ಮುಂದೆ ಕೈಮುಗಿದರು. "ಸಾರೇ, ಒರು ಉಪಕಾರಂ..." ಭಾವ ಬೂಟು ಹಾಕಿಕೊಂಡರು. ಬೀಳಬೇಕಾದ ಕಡೆಗೆ ಬಾಯಿ ತೆರೆದ ಹಾಗೆ ಒಂದು ಕಚ್ಚು, ಹಿಂದಿನಿಂದ ಒಂದು ಕೊಯ್ತ, ನಡುವೆ ಬಾಗಿಲಿನ ತಿರುಗಣಿಯಷ್ಟು ಮರ ಉಳಿಸಿ... ಅಷ್ಟು ದೊಡ್ಡ ಮರ ಹೇಳಿದ ಜಾಗಕ್ಕೇ ಮಲಗಿತು. ತುಂಡುಗಳನ್ನು ಗಿಡ್ಡಗೆ ಕೊಯ್ದು ಕೊಟ್ಟದ್ದರಿಂದ ಸೀಳುವುದಕ್ಕೂ ಹೊತ್ತು ಹಿಡಿಯಲಿಲ್ಲ. ಕೊಡಲಿಗಾದರೆ ಇಡೀ ದಿನ ಬೇಕಾಗುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿದಿತ್ತು. ಊರೆಲ್ಲ ಹೊಗಳಿತು. ಅಲ್ಲಿಂದ ಮುಂದೆ ಉಳ್ಳೂರಿನ ಆಸುಪಾಸಿನಲ್ಲಿ ಸಾವಾದರೆ ಮೊದಲು ನೆಂಟರಿಗೆ ಹೇಳಿಕಳಿಸುತ್ತಿದ್ದರು, ಮರುಗಳಿಗೆಗೆ ಭಾವನಿಗೆ.

ಇದರಿಂದ ಒಂದು ಫಜೀತಿಯಾಯಿತು. ಭಾನುವಾರ ಹಿತ್ತಿಲಿನಲ್ಲಿ ಗರಗಸ ಗುರುಗುಟ್ಟಿದರೆ ಸಾಕು, ಸುತ್ತಲಿನ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. "ಆರಾ ಮರಿಚ್ಚದು?" ಯಾರು ಹೋದದ್ದು? ಒಬ್ಬಳಂತೂ ಎದೆ ಹೊಡೆದುಕೊಳ್ಳುತ್ತಲೇ ಅಮ್ಮೂಮ್ಮನ ಅಂಗಳಕ್ಕೆ ಓಡಿಬಂದು, ಅಮ್ಮೂಮ್ಮ ಜಗಲಿಯಲ್ಲಿ ವೀಳ್ಯ ಮೆಲ್ಲುತ್ತಾ ಕೂತದ್ದನ್ನು ನೋಡಿ ಪೆಚ್ಚಾದಳು. ಕೊನೆಗೆ ಅಕ್ಕನೇ ಉಪಾಯ ಕಂಡುಹಿಡಿದಳು. ಪ್ರತಿ ಶನಿವಾರ ಸಂಜೆ ಗೇಟಿನ ಬಳಿ ನಿಂತು ಡಂಗುರ ಸಾರುವವಳ ಹಾಗೆ ಕೂಗುತ್ತಿದ್ದಳು. "ನಾಳೆ ವಿರಗು ಮಾತ್ರಂ, ಕೇಟ್ಟೋ!" ನಾಳೆ ಬರಿಯ ಸೌದೆ, ಕೇಳಿತೇ. ರಸ್ತೆಯಲ್ಲಿ ಹೋಗುವವರು ನಗುತ್ತಿದ್ದರು. ನಾವು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದೆವು...

ಆದರೂ ಭಾವ ಸಾವಿನ ಮನೆಗೆ ಹೋಗಿ ಬಂದ ದಿನ ಅವಳು ತಮಾಷೆ ಮಾಡುತ್ತಿರಲಿಲ್ಲ. ಹೊರಗಿನ ಬಚ್ಚಲಿನಲ್ಲಿ ಬಿಸಿನೀರು ತಯಾರಿರುತ್ತಿತ್ತು. ಯಾರ ಮನೆ, ಎಷ್ಟು ವಯಸ್ಸು ಎಂದು ಕೇಳುತ್ತಿದ್ದಳು. ಭಾವನಿಗೆ ಮಾತ್ರ ಅದೊಂದು ಚೆನ್ನಾಗಿ ಮುಗಿದ ಕೆಲಸ. "ಹನ್ನೆರಡು ಆಗುವ ಮೊದಲು ಎಲ್ಲ ಮುಗೀತು. ಪಾಪ, ಮನೆಯವರಿಗೆ ಊಟಕ್ಕೆ ಕೂರ್ಲಿಕ್ಕಾದ್ರೂ ಆಯ್ತು" ಎನ್ನುತ್ತಿದ್ದರು. ಅದರಲ್ಲಿ ಹೆಮ್ಮೆ ಇತ್ತು, ಕರುಣೆಯೂ ಇತ್ತು. ಸತ್ತವರನ್ನು ಕಾಯಿಸಬಾರದೆಂದೇ ಅವರು ನಂಬಿದ್ದರು.

ಅಕ್ಕನಿಗೆ ಜ್ವರ ಬಂದದ್ದು ಮಾವು ಬಿಡುವ ಕಾಲದಲ್ಲಿ. ಮೊದಲೆರಡು ದಿನ ಕಷಾಯ, ಮಾತ್ರೆ ಎಂದು ಮನೆಯಲ್ಲೇ ಇದ್ದಳು. ಆಮೇಲೆ ಮಾತು ತೊದಲತೊಡಗಿತು. ಆಸ್ಪತ್ರೆ ಹತ್ತಿರವೇ ಇತ್ತು, ಸೇರಿಸಿದೆವು. ಜ್ವರ ಮಿದುಳಿಗೆ ಏರಿದೆ ಎಂದರು. ಭಾವ ಕಾಸರಗೋಡಿಗೆ ಟೆಲಿಗ್ರಾಂ ಕಳಿಸಿದರು. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು. ಮರುದಿನ ಬೆಳಗಿನ ಹೊತ್ತಿಗೆ ಅವಳು ಹೋಗಿಬಿಟ್ಟಳು. ಇನ್ನೂ ಮೂವತ್ತೈದು ದಾಟಿರಲಿಲ್ಲ. ಮಕ್ಕಳಿರಲಿಲ್ಲ. ಭಾವ ಇನ್ನೊಂದು ಟೆಲಿಗ್ರಾಂ ಕಳಿಸಿ, ಅವಳನ್ನು ಮನೆಗೆ ತಂದರು.

ಬಾಡಿಗೆಯವರಿಗೆ ಮರವೆಲ್ಲಿಯದು? ಪೇಟೆಯ ಸುಡುಗಾಡಿಗೆ ಒಯ್ಯುವ ಮಾತು ನಡೆಯುತ್ತಿತ್ತು. ಆಗ ಅಮ್ಮೂಮ್ಮ ಕೋಲೂರಿಕೊಂಡು ಹಿಂದಿನ ಮನೆಗೆ ಬಂದಳು. ಅಕ್ಕ ದಿನಾ ಸಂಜೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು. ಮುದುಕಿ ಅವಳ ಹಣೆ ಸವರಿ, ಭಾವನ ಕಡೆ ತಿರುಗಿ, ನನ್ನ ಮಾವು ಕಡಿಯಿರಿ, ಇವಳು ನನ್ನ ಹಿತ್ತಿಲಿನಲ್ಲೇ ಇರಲಿ ಎಂದಳು. ಅವಳ ಗಂಡುಮಕ್ಕಳೂ ಎದುರು ಮಾತಾಡಲಿಲ್ಲ.

ಕೆಲವರು ಕೊಡಲಿಯವರನ್ನು ಕರೆತರಲು ಹೊರಟರು. ಹೆಂಡತಿಯ ಕ್ರಿಯೆ ಮಾಡಬೇಕಾದವರು ಸ್ವತಃ ಮರ ಕಡಿಯುವುದು ಎಲ್ಲಾದರೂ ಉಂಟೇ? ಆದರೆ ಆ ಗರಗಸವನ್ನು ಚಾಲೂ ಮಾಡಲು ಬೇರೆ ಯಾರಿಗೂ ಬರುತ್ತಿರಲಿಲ್ಲ. "ಸಾರೇ, ವೇಂಡ" ಎಂದು ಅಮ್ಮೂಮ್ಮನ ಹಿರಿಯ ಮಗ ಅವರ ಕೈ ಹಿಡಿದ. ಭಾವ ಕೈ ಬಿಡಿಸಿಕೊಂಡರು.

"ಈ ಸೆಕೆಯಲ್ಲಿ ಅವಳು ಎಷ್ಟು ಹೊತ್ತು ಮಲಗೂದು?"

ಸುಮ್ಮನೆ ಕೂತಿರಲು ಅವರಿಂದ ಆಗುತ್ತಿರಲಿಲ್ಲ, ನನಗೆ ಅಷ್ಟೇ ತೋರುತ್ತದೆ. ಮಿಂದು ಬಂದ ಒದ್ದೆ ಪಂಚೆಯಲ್ಲಿ, ಬರಿ ಮೈಯಲ್ಲಿ, ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಮಾವಿನ ಬುಡಕ್ಕೆ ಹೋದರು. ಒಂದೇ ಎಳೆತಕ್ಕೆ ಗರಗಸ ಎದ್ದಿತು. ನಾನು ಅಕ್ಕನ ತಲೆಯ ಬಳಿ ಕೂತಿದ್ದೆ. ಆ ಸದ್ದಿನಲ್ಲಿ ನಮ್ಮ ಅಳು ನಮಗೇ ಕೇಳಿಸಲಿಲ್ಲ. ಮರ ಬಿದ್ದಾಗ ನೆಲ ನಡುಗಿ ಅವಳ ತಲೆಗಡೆಯ ದೀಪ ಅಲುಗಿತು. ಆಮೇಲೆ ಹಿತ್ತಿಲಿಗೆ ಹೋಗಿ ನೋಡಿದರೆ, ಅವರ ಒದ್ದೆ ಮೈಗೆಲ್ಲ ಮರದ ಪುಡಿ ಮೆತ್ತಿಕೊಂಡಿತ್ತು. ಪ್ರತಿಯೊಂದು ತುಂಡೂ ಒಂದೇ ಅಳತೆ. ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ. ನಡುಮಧ್ಯಾಹ್ನದ ಹೊತ್ತಿಗೆ ಹಿತ್ತಿಲಿನ ತೆಂಕಣ ಮೂಲೆಯಲ್ಲಿ, ಒಣ ತೆಂಗಿನ ಸಿಪ್ಪೆ, ಗೆರಟೆ, ತುಪ್ಪಗಳ ಜೊತೆಗೆ ಹಸಿ ಮಾವು ಹತ್ತಿಕೊಂಡಿತ್ತು.

ಅವಳ ತಾಯಿ ಮತ್ತು ಅಣ್ಣ ಬಂದದ್ದು ಮೂರು ಗಂಟೆಯ ಸುಮಾರಿಗೆ.

ಯಾರೂ ಅವರನ್ನು ನಿರೀಕ್ಷಿಸಿರಲಿಲ್ಲ. ಆ ತಾಯಿ ಮಂಗಳೂರು ಬಿಟ್ಟು ಬೇರೆಲ್ಲಿಗೂ ರೈಲು ಹತ್ತಿದವಳೇ ಅಲ್ಲ. ಬರುವುದಾದರೆ ಅಣ್ಣನೊಬ್ಬ ಕ್ರಿಯೆಯ ದಿನಕ್ಕೆ ಬಂದಾನು ಎಂದುಕೊಂಡಿದ್ದೆವು. ಆದರೆ ಕಾಯಿಲೆಯ ಟೆಲಿಗ್ರಾಂ ಕೈಗೆ ಸಿಕ್ಕ ಕೂಡಲೇ ಅವಳು ಉಟ್ಟ ಸೀರೆಯಲ್ಲೇ ಹೊರಟಿದ್ದಳು. ಆಗ ಎರ್ನಾಕುಳದಲ್ಲಿ ದೊಡ್ಡ ಹಳಿಯ ಗಾಡಿಯಿಂದ ಇಳಿದು ತಿರುವನಂತಪುರದ ಸಣ್ಣ ಹಳಿಯ ಗಾಡಿ ಹಿಡಿಯಬೇಕಿತ್ತು. ಬೆಳಗಿನದ್ದು ತಪ್ಪಿ, ಮುಂದಿನದ್ದಕ್ಕೆ ಕಾದು, ನಮ್ಮೂರಿನ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಸೀದಾ ಆಸ್ಪತ್ರೆಗೆ ಹೋಗಿದ್ದರು. ಮಗಳು ಹೋದಳೆಂದು ತಿಳಿದದ್ದು ಅಲ್ಲಿ. ಅಲ್ಲಿಂದ ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ತಾಯಿ ಮಗನಿಗೆ ಹೇಳಿದಳಂತೆ: ಅಳಬೇಡ, ಇನ್ನೂ ಹೊತ್ತುಂಟು. ಬೆಳಿಗ್ಗೆ ಹೋದದ್ದು ಅಂದ್ರೆ ಮರ ಕಡಿದು, ಸೀಳಿ, ಒಟ್ಟುವಾಗ ಸಂಜೆ ಆಗ್ತದೆ. ಮುಖ ಸಿಗ್ತದೆ ನಮಗೆ.

ಇದನ್ನು ನನಗೆ ಹೇಳಿದವನು ಅಣ್ಣ, ಅದೂ ಎರಡು ದಿನ ಕಳೆದ ಮೇಲೆ. ಆ ಹೊತ್ತಿನಲ್ಲಿ ನಾನು ಕಂಡದ್ದಿಷ್ಟೇ. ಗೇಟಿನಿಂದ ಒಬ್ಬಳು ಸಣಕಲು ಮುದುಕಿ ಬೇಗ ಬೇಗ ಬಂದಳು. ಜಗಲಿ ಖಾಲಿ ಇದ್ದದ್ದನ್ನು ನೋಡಿದಳು. ಹಿತ್ತಿಲಿನಿಂದ ಏಳುತ್ತಿದ್ದ ಹೊಗೆಯನ್ನು ನೋಡಿದಳು. ಭಾವ ಗೋಡೆಗೆ ಒರಗಿ ಕೂತಿದ್ದವರು ಎದ್ದು ನಿಂತರು.

"ಇಷ್ಟು ಬೇಗ ಆಗಿ ಹೋಯ್ತಾ?" ಎಂದಳು ಅವಳು.

ಬೈಗುಳವಲ್ಲ, ಆಕ್ಷೇಪವೂ ಅಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವಳಿಗೆ ಗೊತ್ತಿದ್ದ ಲೋಕದಲ್ಲಿ ಒಂದು ಮರ ಅಷ್ಟು ಬೇಗ ಮುಗಿಯುವುದಿಲ್ಲ. ಭಾವನ ತಲೆಗೂದಲಲ್ಲಿ ಇನ್ನೂ ಮಾವಿನ ಪುಡಿ ಇತ್ತು...

ಕೊಡಲಿ ಮರ ಕಡಿಯುತ್ತದೆ ಎಂದಷ್ಟೇ ನಾವೆಲ್ಲ ತಿಳಿದಿದ್ದೆವು. ಅದು ದೂರದಿಂದ ಬರುವವರಿಗೆ ಹೊತ್ತು ಉಳಿಸಿಕೊಡುತ್ತಿತ್ತು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಪದ್ಧತಿ ಮಾಡಿದವರಿಗೂ ಹೊಳೆದಿತ್ತೋ ಇಲ್ಲವೋ. ಆ ದಿನ ಯಾರನ್ನು ದೂರುವುದು ಎಂದು ನಾನು ತುಂಬ ಯೋಚಿಸಿದ್ದೇನೆ. ಕಾಯೋಣ ಎಂದು ನಾವು ಒಬ್ಬರೂ ಹೇಳಲಿಲ್ಲ, ಏಕೆಂದರೆ ಬರುವವರು ಯಾರಾದರೂ ಇದ್ದಾರೆಂದು ಗೊತ್ತಿರಲಿಲ್ಲ. ತಪ್ಪು ಯಾರದ್ದೂ ಅಲ್ಲದ ದುಃಖಕ್ಕೆ ಮದ್ದೇ ಇಲ್ಲ.

ಕ್ರಿಯೆ ಮುಗಿಸಿ ತಾಯಿ ಮಗ ಊರಿಗೆ ಹೋದರು. ಭಾವ ಕೆಲಸಕ್ಕೆ ಹೋಗತೊಡಗಿದರು. ಸಂಜೆ ಬಂದು ದೀಪ ಹಾಕದೆ ಜಗಲಿಯಲ್ಲಿ ಕೂರುತ್ತಿದ್ದರು. ನಾನು ಊಟ ಕೊಟ್ಟರೆ ಉಣ್ಣುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅವರ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಹಾಗೆಯೇ ತೊಟ್ಟಿಕ್ಕುತ್ತಲೇ ಇತ್ತು.

ಓಣಂ ಕಳೆದ ಮೇಲೆ ಹಿಂದಿನ ಬೀದಿಯ ಒಬ್ಬ ಮುದುಕ ತೀರಿಕೊಂಡ. ಭಾವನನ್ನು ಕರೆಯುವ ಧೈರ್ಯ ಆ ಮನೆಯವರಿಗೆ ಹೇಗೆ ಬಂತೋ! ಭಾವ ಹೋಗಲಾರರೆಂದೇ ನಾನು ಎಣಿಸಿದ್ದೆ. ಆದರೆ ಬೂಟು ಹಾಕಿಕೊಂಡು ಗರಗಸ ಎತ್ತಿಕೊಂಡು ಹೊರಟರು. ಆ ಮನೆಯ ಸೊಸೆ ನನ್ನ ಪರಿಚಯದವಳು, ನಾನೂ ಹಿಂದೆಯೇ ಹೋದೆ. ಅಲ್ಲಿ ಭಾವ ಮೊದಲು ಕೇಳಿದ್ದು ಮರದ ವಿಷಯವಲ್ಲ. ಇನ್ನು ಯಾರಾದರೂ ಬರಲಿಕ್ಕಿದ್ದಾರಾ ಎಂದು. ಕಿರಿಯ ಮಗ ಕೊಚ್ಚಿಯ ಬಂದರಿನಲ್ಲಿ ಕೆಲಸದಲ್ಲಿದ್ದ, ಹೊರಟಿದ್ದಾನೆ ಎಂದರು. ಆದರೆ ಹಿರಿಯರಿಗೆ ಅವಸರ. ಮೋಡ ಕವಿಯುತ್ತಿದೆ, ಮೆಷಿನ್ ಇದೆಯಲ್ಲ, ಬೇಗ ಆಗಲಿ ಸಾರ್ ಎಂದರು.

ಭಾವ ವಾದ ಮಾಡಲಿಲ್ಲ. ಗರಗಸವನ್ನು ನೆಲಕ್ಕಿಟ್ಟು, ಹಿಡಿಯೊಳಗೆ ಬೂಟು ತೂರಿಸಿ, ಹಗ್ಗ ಎಳೆದರು. ಏಳಲಿಲ್ಲ. ಮತ್ತೆ ಎಳೆದರು. ಏಳಲಿಲ್ಲ. ಮುಚ್ಚಳ ಬಿಚ್ಚಿ ಪ್ಲಗ್ ತೆಗೆದು ಒರೆಸಿದರು. ಸರಪಳಿ ಸಡಿಲ ಮಾಡಿದರು, ಬಿಗಿ ಮಾಡಿದರು. ಅರ ತೆಗೆದುಕೊಂಡು ಒಂದೊಂದೇ ಹಲ್ಲನ್ನು, ಅರಿಶಿನ ತೇಯುವಷ್ಟು ನಿಧಾನವಾಗಿ ಉಜ್ಜಿದರು. ಮತ್ತೆ ಎಳೆದರು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಸುತ್ತ ನಿಂತಿದ್ದ ಹುಡುಗರು ಮುಸಿಮುಸಿ ನಕ್ಕರು. ಸಾರ್ ಅವರ ಫಾರಿನ್ ಮಾಲು ಕೈಕೊಟ್ಟಿತು ಎಂದರು. ಒಬ್ಬರು ರೇಗಿ ಕೊಡಲಿಗೆ ಆಳು ಕಳಿಸಿದರು. ಹೆಂಗಸರ ನಡುವಿನಿಂದ ನೋಡುತ್ತಿದ್ದ ನನಗೆ ಮಾತ್ರ ಅದು ಕಂಡಿತು. ಅವರು ನಿಲ್ಲಿಸುವ ಗುಂಡಿಯನ್ನು ಮೇಲಕ್ಕೆ ತಳ್ಳಿರಲೇ ಇಲ್ಲ.

ಕೊನೆಗೆ ಆ ಮಗ ಬಂದ. ಗೇಟಿನಿಂದಲೇ "ಅಚ್ಛಾ...", ಅಪ್ಪಾ, ಎಂದು ಕೂಗುತ್ತಾ ಓಡಿಬಂದು ಅಪ್ಪನ ಎದೆಯ ಮೇಲೆ ಬಿದ್ದ. ಭಾವ ಎದ್ದು ಮುಖ ಆ ಕಡೆ ತಿರುಗಿಸಿ ನಿಂತರು. ಒಳಗಿನ ಅಳು ಸ್ವಲ್ಪ ತಗ್ಗುವವರೆಗೆ ಹಾಗೆಯೇ ನಿಂತಿದ್ದರು. ಆಮೇಲೆ ಬಗ್ಗಿ ಹೆಬ್ಬೆರಳಿನಿಂದ ಗುಂಡಿಯನ್ನು ತಳ್ಳಿ, ಹಗ್ಗ ಎಳೆದರು. ಒಂದೇ ಎಳೆತ.

ಸಂಜೆ ಊಟ ಕೊಡಲು ಹೋದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಭಾವ, ಮೆಷಿನ್ ಸರಿಯಾಗೇ ಇತ್ತಲ್ವಾ?" ಎಂದೆ.

"ಮೆಷಿನಿಗೆ ಎಂತ ಆಗ್ತದೆ ತಂಗಿ. ಜನ ಬರ್ಲಿಕ್ಕೆ ಬಾಕಿ ಇತ್ತು" ಎಂದರು. ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಯಾರಿಗೂ ಹೇಳಬೇಡಿ ಎಂದರು. ನಾನು ನಮ್ಮವರಿಗೂ ಹೇಳಲಿಲ್ಲ.

ಆಮೇಲೆ ಎಷ್ಟು ಮನೆಗಳಲ್ಲಿ ಆ ಗರಗಸ ಹಾಗೆ ಕೆಟ್ಟಿತೋ ನನಗೆ ಗೊತ್ತಿಲ್ಲ. ಮೆಲ್ಲಮೆಲ್ಲನೆ ಊರಿನಲ್ಲಿ ಅವರ ಹೆಸರು ಕೆಟ್ಟಿತು. ಇಂಜಿನಿಯರಂತೆ, ಒಂದು ಮೆಷಿನ್ ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಅಂಗಡಿಯಲ್ಲಿ ಜನ ಆಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಒಂದು ನಲ್ಲಿ ತೊಟ್ಟಿಕ್ಕಿದರೆ ಉಣ್ಣಲಾಗದ ಮನುಷ್ಯ, ಕೆಲಸ ಬಾರದವನೆಂಬ ಮಾತನ್ನು ಹೊತ್ತುಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಾತು ಕೊಟ್ಟಿದ್ದೆನಲ್ಲ, ನುಂಗಿಕೊಂಡೆ. ಕೊನೆಗೆ ಕರೆಯುವವರು ಯಾರೂ ಇಲ್ಲವಾಗಿ, ಜನ ಮತ್ತೆ ಕೊಡಲಿಯವರ ಹತ್ತಿರ ಹೋಗತೊಡಗಿದರು. ಭಾವನಿಗೆ ಬೇಕಾದದ್ದೂ ಅದೇ ಇದ್ದಿರಬಹುದು.

ಎಪ್ಪತ್ತರ ದಶಕ ಮುಗಿಯುವ ಮೊದಲೇ ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಹೊರಡುವ ಬೆಳಿಗ್ಗೆ ತೆಂಕಣ ಮೂಲೆಗೆ ಹೋಗಿ ನಿಂತು ಬಂದರು. ಅಲ್ಲಿ ಅಮ್ಮೂಮ್ಮ ಒಂದು ತೆಂಗಿನ ಸಸಿ ನೆಡಿಸಿದ್ದಳು. ಕೆಲವು ವರ್ಷ ದೀಪಾವಳಿಗೆ ಕಾರ್ಡು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅವರು ತೀರಿಹೋದ ಸುದ್ದಿ ನಮಗೆ ತಲುಪಿದ್ದು ಯಾರೋ ಯಾರಿಗೋ ಹೇಳಿ, ವರ್ಷ ಕಳೆದ ಮೇಲೆ. ಅವರಿಗಾಗಿ ಯಾರಾದರೂ ಬರಬೇಕಿತ್ತೇ, ಬರುವವರಿಗಾಗಿ ಯಾರಾದರೂ ಕಾದರೇ... ಕೇಳಲು ಯಾರೂ ಇರಲಿಲ್ಲ.

ಕೆಳಗೆ ಮರ ಬಿದ್ದು, ತುಂಡುಗಳು ಲಾರಿ ಏರಿ, ಗುಡಿಸುವವಳು ಪುಡಿಯನ್ನೂ ಗುಡಿಸಿಹಾಕಿದಳು. ನಾನು ಬಾಲ್ಕನಿಯಲ್ಲೇ ನಿಂತಿದ್ದೆ. ಕಾಫಿ ತಣ್ಣಗಾಗಿತ್ತು.

ಹೋದ ವರ್ಷ ನಮ್ಮವರು ಹೋದರು. ಇಲ್ಲಿ ಹಿತ್ತಿಲೂ ಇಲ್ಲ, ನಮ್ಮದೆನ್ನುವ ಮರವೂ ಇಲ್ಲ. ಗ್ಯಾಸಿನ ಚಿತಾಗಾರದಲ್ಲಿ ಹನ್ನೊಂದು ಗಂಟೆಗೆ ಹೊತ್ತು ಕೊಟ್ಟರು. ನಮ್ಮ ಮಗಳು ಭೋಪಾಲಿನಿಂದ ಹೊರಟಿದ್ದಳು. ನಡುವೆ ವಿಮಾನ ತಡವಾಗಿ ಎಲ್ಲೋ ಸಿಕ್ಕಿಕೊಂಡಿದ್ದಳು. ನಮ್ಮ ಹಿಂದೆ ಇನ್ನೂ ಇಬ್ಬರ ಸರದಿ ಇತ್ತು, ಅವರ ಮನೆಯವರೂ ಅಳುತ್ತಾ ನಿಂತಿದ್ದರು. ಅವರಿಗೆ ಕಾಯಿರಿ ಎಂದು ಯಾವ ಬಾಯಿಂದ ಹೇಳಲಿ? ನಮ್ಮ ಸರದಿ ಬಿಟ್ಟುಕೊಟ್ಟರೆ ಇನ್ನು ನಾಳೆಯೇ ಎಂದು ಚಿತಾಗಾರದವರು ಮೊದಲೇ ಹೇಳಿದ್ದರು. ನಾನು ಯಂತ್ರ ನೋಡಿಕೊಳ್ಳುವ ಹುಡುಗನ ಹತ್ತಿರ ಹೋದೆ. ಅವನ ತೋಳು ಹಿಡಿದು, ನನಗೆ ಬರುವ ಮಲಯಾಳದಲ್ಲಿ, ಮೆಲ್ಲಗೆ ಹೇಳಿದೆ. ಮಗೂ, ಸ್ವಲ್ಪ ಹೊತ್ತು ಮೆಷಿನ್ ಕೆಟ್ಟಿದೆ ಅಂತ ಹೇಳಿಬಿಡು. ಒಂದೇ ಗಂಟೆ. ನನ್ನ ಮಗಳು ಬರಬೇಕು.

ಅವನು ಒಳ್ಳೆಯ ಹುಡುಗ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ತಂದುಕೊಟ್ಟ. ದುಃಖದಲ್ಲಿ ಮುದುಕಿಗೆ ಏನೋ ಗಾಬರಿಯಾಗಿದೆ ಎಂದುಕೊಂಡಿರಬೇಕು. ನನ್ನ ಎದುರಿಗೆ ಮಂಡಿಯೂರಿ ಕೂತು, ಧೈರ್ಯ ಹೇಳುವ ದನಿಯಲ್ಲಿ ಹೇಳಿದ. ಹೆದರಬೇಡಿ ಅಮ್ಮಾ, ಇದು ಹೊಸ ಮೆಷಿನ್. ಕೆಡುವುದೇ ಇಲ್ಲ.